‘ಆಂತರಿಕ ವಿಷಯ’ದ ಬಾಗಿಲಲ್ಲಿ ಉಮ್ಮನ ಅರ್ಜಿ

ಕಳೆದ ತಿಂಗಳು ಒಂದು ದಿನ ಮಗ್ರಿಬ್ ನಮಾಝ್ ಮುಗಿಸಿ ನಾವು ಮಕ್ಕಳ ಹಾಜರಿ ಪುಸ್ತಕ ಎತ್ತಿಡುತ್ತಿದ್ದಾಗ ಮದ್ರಸದ ಬಾಗಿಲಲ್ಲಿ ಒಬ್ಬರು ಉಮ್ಮ ಬಂದು ನಿಂತರು. ನಮ್ಮ ಹಾಗೆ ಅವರೂ ಕರಾವಳಿ ಬಿಟ್ಟು ಈ ಕಡೆ ಬಂದವರು. ಸಮೇತನಹಳ್ಳಿ ಸುತ್ತಮುತ್ತ ಬ್ಯಾರಿ ಮನೆಗಳು ಬೆರಳಲ್ಲಿ ಎಣಿಸುವಷ್ಟೇ. ಹಾಗಾಗಿ ಯಾರ ಮನೆಯ ಕಷ್ಟವಾದರೂ ಉಸ್ತಾದರ ತನಕ ಬಂದೇ ಬರುತ್ತದೆ.

ಮಗ ದಮ್ಮಾಮಿನಲ್ಲಿ. ಐದು ತಿಂಗಳಿಂದ ಸಂಬಳ ಇಲ್ಲ. ಇಕಾಮಾ ಅವಧಿ ಮುಗಿದಿದೆ, ಪಾಸ್‌ಪೋರ್ಟ್ ಕಫೀಲನ ಕೈಯಲ್ಲಿದೆ. ಕೇಳಿದರೆ ‘ಹುರೂಬ್’ ಹಾಕುತ್ತೇನೆ, ಅಂದರೆ ಕೆಲಸ ಬಿಟ್ಟು ಓಡಿಹೋದವನೆಂದು ದೂರು ಕೊಡುತ್ತೇನೆ ಎಂಬ ಬೆದರಿಕೆ. ಊರಿನಲ್ಲಿ ವೀಸಾ ಕೊಡಿಸಿದವನು ಈಗ ಫೋನ್ ಎತ್ತುವುದಿಲ್ಲ. ಎಲ್ಲ ಹೇಳಿ ಮುಗಿಸಿ ಆ ಉಮ್ಮ ಒಂದೇ ಪ್ರಶ್ನೆ ಕೇಳಿದರು:

“ಉಸ್ತಾದರೇ, ನಮ್ಮ ಸರ್ಕಾರದವರು ಅಲ್ಲಿಯ ಸರ್ಕಾರದವರಿಗೆ ಒಂದು ಮಾತು ಹೇಳ್ಲಿಕ್ಕೆ ಆಗುದಿಲ್ವಾ?”

ನಮ್ಮ ಬಾಯಲ್ಲಿ ತಟ್ಟನೆ ಉತ್ತರ ಬರಲಿಲ್ಲ. ಕಿತಾಬು ಓದಿದ್ದೇವೆ, ಪಿಯುಸಿ ಮಾಡಿದ್ದೇವೆ. ಒಂದು ಸರ್ಕಾರ ಇನ್ನೊಂದು ಸರ್ಕಾರಕ್ಕೆ ‘ಒಂದು ಮಾತು’ ಹೇಗೆ ಹೇಳುತ್ತದೆ, ಯಾವಾಗ ಹೇಳುತ್ತದೆ, ಯಾವಾಗ ಬಾಯಿ ಮುಚ್ಚಿಕೊಂಡಿರುತ್ತದೆ ಎನ್ನುವುದನ್ನು ಯಾರೂ ನಮಗೆ ಪಾಠ ಮಾಡಿರಲಿಲ್ಲ. ಆಮೇಲೆ ತಿಳಿದವರ ಹತ್ತಿರ ಕೇಳಿ, ಓದಿ ಅರ್ಥ ಮಾಡಿಕೊಂಡದ್ದನ್ನು ಈ ವಾರ ನಮ್ಮ ಓದುಗರ ಮುಂದೆ ಇಡುತ್ತಿದ್ದೇವೆ. ಗಲ್ಫ್ ದೇಶಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ನಮ್ಮ ಪುಟ ಓದುವ ಮನೆಗಳಲ್ಲಿ ಅಲ್ಲಿ ಒಬ್ಬರಾದರೂ ಇಲ್ಲದ ಮನೆ ಹುಡುಕುವುದು ಕಷ್ಟ.

ಮೊದಲು ನಿಯಮ ತಿಳಿದುಕೊಳ್ಳೋಣ. 1963ರಲ್ಲಿ ಕಾನ್ಸುಲರ್ ಸಂಬಂಧಗಳ ಬಗ್ಗೆ ವಿಯೆನ್ನಾ ಒಪ್ಪಂದ ಆಯಿತು. ಅದರ 36ನೇ ವಿಧಿಯ ಪ್ರಕಾರ ಪರದೇಶದವನನ್ನು ಬಂಧಿಸಿದರೆ, ಅವನು ಕೇಳಿಕೊಂಡಾಗ, ತಡಮಾಡದೆ ಅವನ ದೇಶದ ಕಾನ್ಸುಲೇಟಿಗೆ ತಿಳಿಸಬೇಕು. ಆ ದೇಶದ ಅಧಿಕಾರಿ ಹೋಗಿ ಅವನನ್ನು ನೋಡಬಹುದು, ವಕೀಲರನ್ನು ಗೊತ್ತು ಮಾಡಿಕೊಡಬಹುದು. ಇದು ಉಪಕಾರವಲ್ಲ, ಹಕ್ಕು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನ ಇದೇ ವಿಧಿಯನ್ನು ಮುರಿದಿದೆ ಎಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ತೀರ್ಪು ಕೊಟ್ಟಿತು.

ಸರ್ಕಾರಗಳು ಮಾತನಾಡುವ ದಾರಿಗಳು ಹಲವು. ಎಲ್ಲಕ್ಕಿಂತ ಮೆತ್ತಗಿನದು, ರಾಯಭಾರಿ ಹೋಗಿ ಅಲ್ಲಿಯ ಅಧಿಕಾರಿಯ ಜತೆ ಮುಚ್ಚಿದ ಕೋಣೆಯಲ್ಲಿ ಕೂತು ಹೇಳುವುದು. ಅದಕ್ಕಿಂತ ಗಟ್ಟಿಯದು, ತಮ್ಮ ದೇಶದಲ್ಲಿರುವ ಆ ದೇಶದ ರಾಯಭಾರಿಯನ್ನು ಕರೆಸಿ ಆಕ್ಷೇಪ ಪತ್ರ ಕೈಗೆ ಕೊಡುವುದು. ಆಮೇಲೆ ಬಹಿರಂಗ ಹೇಳಿಕೆ. ಅದಕ್ಕೂ ಮೇಲೆ ವಿಶ್ವಸಂಸ್ಥೆಯಲ್ಲಿ ನಿರ್ಣಯ, ಕೊನೆಗೆ ವ್ಯಾಪಾರ ನಿಲ್ಲಿಸುವುದು. ಯಾವ ದಾರಿ ಹಿಡಿದರೂ ಕೈಯಲ್ಲಿ ಕಾಗದ ಬೇಕು. ಇಂಥವನು, ಇಂಥ ದಿನ, ಇಂಥ ಜಾಗದಲ್ಲಿ, ಇಂಥ ಅನ್ಯಾಯಕ್ಕೆ ಒಳಗಾದ ಎಂದು ತೋರಿಸುವ ಕಾಗದ. ಅದಿಲ್ಲದೆ ಹೋದ ರಾಯಭಾರಿ ಚಹಾ ಕುಡಿದು ವಾಪಸು ಬರಬೇಕಷ್ಟೆ.

ಇದನ್ನು ನಮಗೆ ಚೆನ್ನಾಗಿ ಕಲಿಸಿದ್ದು ನಮ್ಮ ಕರಾವಳಿಯದ್ದೇ ಒಂದು ಪ್ರಕರಣ. ಕುಂದಾಪುರ ಕಡೆಯ ಒಬ್ಬ ಎಸಿ ತಂತ್ರಜ್ಞ ದಮ್ಮಾಮಿನಲ್ಲಿ ಕೆಲಸಕ್ಕಿದ್ದರು. 2019ರ ಡಿಸೆಂಬರ್‌ನಲ್ಲಿ ಅವರನ್ನು ಸೌದಿ ಪೊಲೀಸರು ಬಂಧಿಸಿದರು. ಮಕ್ಕಾ ಮತ್ತು ಸೌದಿ ಯುವರಾಜರ ಬಗ್ಗೆ ಅವರ ಹೆಸರಿನ ಫೇಸ್‌ಬುಕ್ ಖಾತೆಯಲ್ಲಿ ಕೆಟ್ಟ ಬರಹ ಬಂದಿತ್ತು. ಊರಿನಲ್ಲಿದ್ದ ಅವರ ಹೆಂಡತಿ ಸುಮ್ಮನೆ ಕೂರಲಿಲ್ಲ. ಅದು ನಕಲಿ ಖಾತೆ, ನನ್ನ ಗಂಡನದ್ದಲ್ಲ ಎಂದು ಉಡುಪಿ ಪೊಲೀಸರಿಗೆ ದೂರು ಕೊಟ್ಟರು. ತನಿಖೆ ನಡೆದು 2020ರ ಅಕ್ಟೋಬರ್‌ನಲ್ಲಿ ಮೂಡುಬಿದಿರೆ ಕಡೆಯ ಇಬ್ಬರನ್ನು ಆರೋಪಿಗಳೆಂದು ಪೊಲೀಸರು ಬಂಧಿಸಿದರು. ಆ ತನಿಖೆಯ ಕಾಗದಗಳೇ ವಿದೇಶಾಂಗ ಇಲಾಖೆಯ ಮೂಲಕ, ರಾಯಭಾರ ಕಚೇರಿಯ ಮೂಲಕ ಸೌದಿಯ ಕಡೆ ಹೋದವು. 600ಕ್ಕೂ ಹೆಚ್ಚು ದಿನ ಜೈಲಿನಲ್ಲಿ ಕಳೆದ ಆ ಮನುಷ್ಯ 2021ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದಿಳಿದರು. ನಮ್ಮ ಹೊಸಕೋಟೆಯಿಂದ ಬೂದಿಗೆರೆ ದಾರಿ ಹಿಡಿದರೆ ಸಿಗುವ ಅದೇ ವಿಮಾನ ನಿಲ್ದಾಣ. ಅಲ್ಲಿ ಹೆಂಡತಿ, ಮಗಳು ಕಾದು ನಿಂತ ಫೋಟೋ ಎಲ್ಲ ಪತ್ರಿಕೆಗಳಲ್ಲೂ ಬಂತು.

ಈ ಪ್ರಕರಣದ ಬಗ್ಗೆ ನಾವು ಒಂದು ಕಹಿ ಮಾತು ಹೇಳಲೇಬೇಕು. ಜೈಲಿನಲ್ಲಿದ್ದವರು ಹಿಂದೂ ಸಹೋದರ. ಬಂಧಿತ ಆರೋಪಿಗಳ ಹೆಸರು ನಮ್ಮ ಹೆಸರುಗಳು. ಅವರ ತಪ್ಪು ಒಪ್ಪುಗಳನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. ಆದರೆ ಆ ಬಂಧನದ ಸುದ್ದಿ ಬಂದ ದಿನ ನಮ್ಮ ಎಷ್ಟು ವಾಟ್ಸ್‌ಆ್ಯಪ್ ಗುಂಪುಗಳು ಮಾತಾಡಿದವು? ಅವರು ಮೊದಲೇ ಏನೋ ವಿಡಿಯೋ ಹಾಕಿದ್ದರಂತೆ, ಅನುಭವಿಸಲಿ ಎಂದವರೂ ಇದ್ದರು. ಒಬ್ಬನ ಅಭಿಪ್ರಾಯ ನಮಗೆ ಹಿಡಿಸಲಿಲ್ಲ ಎಂದ ಮಾತ್ರಕ್ಕೆ ಅವನು ಮಾಡದ ತಪ್ಪಿಗೆ ಪರದೇಶದ ಜೈಲಿನಲ್ಲಿ ಕೊಳೆಯಬಹುದು ಎನ್ನುವ ಮನಸ್ಸು ನಮ್ಮಲ್ಲಿ ಹೇಗೆ ಬಂತು? ಒಂದು ಜನಾಂಗದ ಮೇಲಿನ ಸಿಟ್ಟು ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬ ಪಾಠವನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ದೊಡ್ಡವರ ಪರೀಕ್ಷೆ ಮಾತ್ರ ಇಂಥ ದಿನಗಳಲ್ಲಿ ನಡೆಯುತ್ತದೆ.

ಮಂಗಳೂರಿನ ಇನ್ನೊಬ್ಬರ ಪ್ರಕರಣವೂ ಇಂಥದ್ದೇ. ಅವರ ಹೆಸರಿನಲ್ಲೂ ನಕಲಿ ಖಾತೆ ತೆರೆಯಲಾಗಿದೆ ಎಂಬುದು ದೂರು. ಅವರಿಗೆ ಸೌದಿಯಲ್ಲಿ 15 ವರ್ಷ ಶಿಕ್ಷೆಯಾಯಿತು. ಹೆಂಡತಿ ಇಲ್ಲಿ ಪೊಲೀಸ್ ದೂರು ಕೊಟ್ಟು, ತನಿಖೆ ಮುಂದೆ ಹೋಗದಾಗ ಕರ್ನಾಟಕ ಹೈಕೋರ್ಟ್ ಮೆಟ್ಟಿಲು ಹತ್ತಿದರು. 2023ರ ಜೂನ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಪೊಲೀಸರನ್ನು ತರಾಟೆಗೆ ತೆಗೆದುಕೊಂಡರು, ಕೇಂದ್ರ ಸರ್ಕಾರ ಏನು ಮಾಡಿದೆ ಎಂದು ಕೇಳಿದರು, ತನಿಖೆಗೆ ಸಹಕರಿಸದಿದ್ದರೆ ದೇಶದಲ್ಲಿ ಫೇಸ್‌ಬುಕ್ ನಿಲ್ಲಿಸುವ ಬಗ್ಗೆ ಯೋಚಿಸಬೇಕಾಗುತ್ತದೆ ಎಂದು ಎಚ್ಚರಿಸಿದರು. ಎರಡೂ ಪ್ರಕರಣ ಪಕ್ಕಪಕ್ಕ ಇಟ್ಟು ನೋಡಿ. ರಾಯಭಾರಿಯ ಮಾತು ರಿಯಾದಿನಲ್ಲಿ ಶುರುವಾಗುವುದಲ್ಲ. ಅದು ಶುರುವಾಗುವುದು ಊರಿನ ಪೊಲೀಸ್ ಠಾಣೆಯಲ್ಲಿ, ಮನೆಯವರು ಕೊಟ್ಟ ದೂರಿನಲ್ಲಿ. ಇಲ್ಲಿ ತನಿಖೆ ತಡವಾದರೆ ಅಲ್ಲಿ ಮಾತೂ ತಡ.

ಸದ್ದಿಲ್ಲದ ಮಾತಿಗೂ ಬಲವಿದೆ. ಕತಾರಿನಲ್ಲಿ 2022ರ ಆಗಸ್ಟ್‌ನಲ್ಲಿ ನಮ್ಮ ನೌಕಾಪಡೆಯ ಎಂಟು ಮಂದಿ ನಿವೃತ್ತರನ್ನು ಬಂಧಿಸಿದರು. 2023ರ ಅಕ್ಟೋಬರ್ 26ರಂದು ಮರಣದಂಡನೆ ಆಯಿತು. ಆರೋಪ ಏನೆಂದು ಎರಡೂ ಸರ್ಕಾರಗಳು ಬಹಿರಂಗವಾಗಿ ಹೇಳಲಿಲ್ಲ. ನಮ್ಮ ಸರ್ಕಾರ ಬೀದಿಯಲ್ಲಿ ಬೊಬ್ಬೆ ಹಾಕದೆ ಮೇಲ್ಮನವಿ, ಮಾತುಕತೆಯ ದಾರಿ ಹಿಡಿಯಿತು. ಡಿಸೆಂಬರ್ 28ರಂದು ಮರಣದಂಡನೆ ರದ್ದಾಗಿ ಜೈಲು ಶಿಕ್ಷೆಗೆ ಇಳಿಯಿತು. 2024ರ ಫೆಬ್ರವರಿಯಲ್ಲಿ ಎಂಟೂ ಮಂದಿಯ ಬಿಡುಗಡೆಯಾಯಿತು. ಒಳ್ಳೆಯದೇ ಆಯಿತು. ಆದರೆ ಅವರು ದೇಶಕ್ಕೆ ಬೇಕಾದ ದೊಡ್ಡ ಹುದ್ದೆಗಳಲ್ಲಿ ಇದ್ದವರು. ಐದು ತಿಂಗಳ ಸಂಬಳ ಸಿಗದ ಹೆಲ್ಪರ್ ಹುಡುಗನಿಗಾಗಿ ಯಾವ ಪ್ರಧಾನಿ ಯಾವ ಅಮೀರರ ಹತ್ತಿರ ಮಾತಾಡಬೇಕು? ಅವನಿಗೆ ಬೇರೆ ದಾರಿ ಬೇಕು.

ಸರ್ಕಾರದ ಕೈ ಮುಟ್ಟದ ಜಾಗವೂ ಇದೆ. ಯೆಮನ್‌ನಲ್ಲಿ ಕೊಲೆ ಪ್ರಕರಣದಲ್ಲಿ ಮರಣದಂಡನೆಗೆ ಗುರಿಯಾದ ಕೇರಳದ ನರ್ಸ್ ಒಬ್ಬರ ಶಿಕ್ಷೆಯ ದಿನ 2025ರ ಜುಲೈ 16 ಎಂದು ಗೊತ್ತಾಗಿತ್ತು. ಸನಾ ನಗರ ಹೂಥಿಗಳ ಕೈಯಲ್ಲಿದೆ, ಅಲ್ಲಿ ನಮ್ಮ ರಾಯಭಾರ ಕಚೇರಿ ಇಲ್ಲ. ಇದಕ್ಕಿಂತ ಹೆಚ್ಚು ಮಾಡಲು ದಾರಿಯಿಲ್ಲ ಎಂಬ ಅರ್ಥದ ಮಾತನ್ನು ಸರ್ಕಾರ ಸುಪ್ರೀಂ ಕೋರ್ಟಿನಲ್ಲೇ ಹೇಳಿತು. ಆಗ ಕಾಂತಪುರಂ ಎ.ಪಿ. ಅಬೂಬಕರ್ ಮುಸ್ಲಿಯಾರ್ ಅವರು ಯೆಮನ್‌ನ ಪ್ರಸಿದ್ಧ ವಿದ್ವಾಂಸ ಹಬೀಬ್ ಉಮರ್ ಬಿನ್ ಹಫೀಝ್ ಅವರ ಮೂಲಕ ಮಧ್ಯಸ್ಥಿಕೆಗೆ ಕೈ ಹಾಕಿದರು. ಹಿಂದಿನ ದಿನ ಶಿಕ್ಷೆ ಮುಂದೂಡಿದ ಸುದ್ದಿ ಬಂತು. ಆ ಪ್ರಕರಣ ಅಲ್ಲಿಗೇ ಮುಗಿಯಿತೆಂದು ನಾವು ಹೇಳುತ್ತಿಲ್ಲ. ಮಗನನ್ನು ಕಳೆದುಕೊಂಡ ಆ ಯೆಮನಿ ಮನೆಯವರ ನೋವು, ಅವರ ಹಕ್ಕು ಕೂಡ ಸಣ್ಣದಲ್ಲ. ನಾವು ಹೇಳುವುದು ಇಷ್ಟೇ: ತೊಂಬತ್ತು ದಾಟಿದ ಒಬ್ಬ ಮುಸ್ಲಿಯಾರರು ಬಾಯಿ ತೆರೆದಾಗ ಆ ಹೆಣ್ಣುಮಗಳು ಕ್ರೈಸ್ತಳೋ ಮುಸ್ಲಿಮಳೋ ಎಂದು ನೋಡಲಿಲ್ಲ.

ಇನ್ನು ಎರಡನೇ ಮಾತಿಗೆ ಬರೋಣ. ನಮ್ಮವರು ಪರದೇಶದಲ್ಲಿದ್ದಾಗ ನಮ್ಮ ಸರ್ಕಾರ ಮಾತಾಡಲಿ ಎನ್ನುತ್ತೇವೆ. ಪರದೇಶದವರು ನಮ್ಮ ಬಗ್ಗೆ ಮಾತಾಡಿದರೆ? ಇದನ್ನು ನಾವು 2022ರಲ್ಲಿ ಕಣ್ಣಾರೆ ಕಂಡೆವು. ಉಡುಪಿಯ ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿಷಯ ಫೆಬ್ರವರಿ 5ರ ಸರ್ಕಾರಿ ಆದೇಶದ ಮೇಲೆ ರಾಜ್ಯವಿಡೀ ಹಬ್ಬಿತು. ಅಮೆರಿಕದ ಧಾರ್ಮಿಕ ಸ್ವಾತಂತ್ರ್ಯದ ರಾಯಭಾರಿ ಆಕ್ಷೇಪ ಹೇಳಿದರು. ಮುಸ್ಲಿಂ ದೇಶಗಳ ಒಕ್ಕೂಟವಾದ ಒಐಸಿ ಕಳವಳ ವ್ಯಕ್ತಪಡಿಸಿತು. ನಮ್ಮ ವಿದೇಶಾಂಗ ಇಲಾಖೆ ಎರಡಕ್ಕೂ ಕೊಟ್ಟ ಉತ್ತರದ ತಾತ್ಪರ್ಯ ಒಂದೇ: ಇದು ನಮ್ಮ ಆಂತರಿಕ ವಿಷಯ, ದುರುದ್ದೇಶದ ಮಾತು ಬೇಡ.

ನಮ್ಮ ಫೋನುಗಳಲ್ಲಿ ಆ ಹೇಳಿಕೆಗಳು ಓಡಾಡಿದ್ದೇ ಓಡಾಡಿದ್ದು. ಆದರೆ ಅವುಗಳಿಂದ ಒಬ್ಬ ಹುಡುಗಿಗಾದರೂ ತರಗತಿಯ ಬಾಗಿಲು ತೆರೆಯಿತಾ? ನಮಗೆ ಕಂಡಿಲ್ಲ. ಬದಲಿಗೆ, ಇವರ ಹಿಂದೆ ಹೊರದೇಶದವರಿದ್ದಾರೆ ಎಂದು ಬೆರಳು ತೋರಿಸುವವರಿಗೆ ಒಂದು ನೆಪ ಸಿಕ್ಕಿತು. ಕೋರ್ಟಿನ ತನಕ ಹೋದದ್ದು ಆ ಹುಡುಗಿಯರ ಸ್ವಂತ ಅರ್ಜಿ. ಮಾರ್ಚ್ 15ರಂದು ಹೈಕೋರ್ಟಿನ ಪೂರ್ಣಪೀಠದಲ್ಲಿ ಅವರಿಗೆ ಸೋಲಾಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು, ನ್ಯಾಯಮೂರ್ತಿ ಸುಧಾಂಶು ಧುಲಿಯಾ, ಹುಡುಗಿಯರ ಓದು ದೊಡ್ಡದು ಎಂದು ಅವರ ಪರ ನಿಂತರು. ಆ ತೀರ್ಪಿನಲ್ಲಿರುವುದು ನಮ್ಮ ಸಂವಿಧಾನದ ಮಾತು. ಅದನ್ನು ಅಲ್ಲಿ ತನಕ ಕೊಂಡೊಯ್ದದ್ದು ನಮ್ಮ ಮಕ್ಕಳ ಸಹಿ ಇದ್ದ ಕಾಗದ.

ಅದೇ ವರ್ಷ ಜೂನ್‌ನಲ್ಲಿ ಬೇರೆಯೇ ಒಂದು ದೃಶ್ಯ. ಪ್ರವಾದಿಯವರ(ಸ) ಬಗ್ಗೆ ಆಡಳಿತ ಪಕ್ಷದ ವಕ್ತಾರೆ ಆಡಿದ ಮಾತಿಗೆ ಜೂನ್ 5ರಂದು ಕತಾರ್, ಕುವೈತ್, ಇರಾನ್ ನಮ್ಮ ರಾಯಭಾರಿಗಳನ್ನು ಕರೆಸಿದವು. ಅದೇ ದಿನ ವಕ್ತಾರೆಯನ್ನು ಪಕ್ಷ ಅಮಾನತು ಮಾಡಿತು. ಫೆಬ್ರವರಿಯಲ್ಲಿ ಕೇಳದ ಕಿವಿ ಜೂನ್‌ನಲ್ಲಿ ಕೇಳಿತು. ಯಾಕೆ? ಆ ಮಾತಿನ ಹಿಂದೆ ಎಣ್ಣೆ, ಗ್ಯಾಸ್, ವ್ಯಾಪಾರ, ಲಕ್ಷಾಂತರ ಜನರ ಕೆಲಸ ಇತ್ತು. ನಮ್ಮ ಮನಸ್ಸಿಗೆ ಸಮಾಧಾನ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದೇ ಹೊತ್ತಿಗೆ ನಮ್ಮ ಮನಸ್ಸಿಗೆ ಬಂದದ್ದು ಇನ್ನೊಂದು. ಪ್ರವಾದಿಯವರ(ಸ) ಗೌರವಕ್ಕೆ ಒಂದೇ ದಿನದಲ್ಲಿ ಎದ್ದು ನಿಂತ ಸರ್ಕಾರಗಳು, ಕೂಲಿಯವನ ಬೆವರು ಆರುವುದರೊಳಗೆ ಕೂಲಿ ಕೊಡಬೇಕೆಂದ ಅದೇ ಪ್ರವಾದಿಯವರ ಆಜ್ಞೆ ತಮ್ಮ ಅಂಗಳದಲ್ಲಿ ಮುರಿದಾಗ ಎದ್ದು ನಿಲ್ಲುತ್ತವೆಯಾ? ಕಫಾಲಾ ಪದ್ಧತಿಯ ಬಗ್ಗೆ ಹೊರಗಿನವರು ಕೇಳಿದರೆ ಅಲ್ಲಿಯೂ ಅದೇ ಉತ್ತರ ಕೇಳಿಬರುತ್ತದೆ: ನಮ್ಮ ಒಳಗಿನ ವಿಷಯ. ಕತಾರ್ ವಿಶ್ವಕಪ್‌ಗೆ ಮುಂಚೆ ಕಾನೂನು ಬದಲಿಸಿ, ಕೆಲಸ ಬದಲಿಸಲು ಮಾಲೀಕನ ಒಪ್ಪಿಗೆ ಬೇಡ ಎಂದದ್ದು, 2021ರಿಂದ ಕನಿಷ್ಠ ವೇತನ 1,000 ರಿಯಾಲ್ ಎಂದು ಗೊತ್ತು ಮಾಡಿದ್ದು ಕೂಡ ವರ್ಷಗಟ್ಟಲೆ ಹೊರಗಿನವರು ದೂರು, ದಾಖಲೆ ಹಿಡಿದು ಬೆನ್ನುಬಿದ್ದ ಮೇಲೆಯೇ.

‘ಆಂತರಿಕ ವಿಷಯ’ ಎಂಬ ಮಾತು ಹೊಸತಲ್ಲ. 1946ರಲ್ಲಿ, ಸ್ವಾತಂತ್ರ್ಯ ಸಿಗುವ ಮೊದಲೇ, ದಕ್ಷಿಣ ಆಫ್ರಿಕದಲ್ಲಿ ಭಾರತೀಯರಿಗೆ ಜಮೀನು ಕೊಳ್ಳಲು ಅಡ್ಡಿ ಮಾಡಿದ ಕಾನೂನಿನ ವಿರುದ್ಧ ಭಾರತ ವಿಶ್ವಸಂಸ್ಥೆಗೆ ಹೋಯಿತು, ಆ ದೇಶದ ಜತೆ ವ್ಯಾಪಾರವನ್ನೂ ನಿಲ್ಲಿಸಿತು. ವಿಜಯಲಕ್ಷ್ಮಿ ಪಂಡಿತ್ ನಮ್ಮ ನಿಯೋಗದ ಮುಂದಾಳು. ಅಲ್ಲಿಯ ಪ್ರಧಾನಿ ಸ್ಮಟ್ಸ್ ಹೇಳಿದ್ದು ಇದೇ, ಇದು ನಮ್ಮ ದೇಶದೊಳಗಿನ ವಿಷಯ ಎಂದು. ಮನುಷ್ಯನ ಹಕ್ಕಿನ ಪ್ರಶ್ನೆ ಒಂದು ದೇಶದ ಬೇಲಿಯೊಳಗೆ ನಿಲ್ಲುವುದಿಲ್ಲ ಎಂಬುದು ನಮ್ಮವರ ವಾದ. ಡಿಸೆಂಬರ್ 8ರಂದು 32 ದೇಶಗಳು ಭಾರತದ ಪರ, 15 ದೇಶಗಳು ವಿರುದ್ಧ ಮತ ಹಾಕಿದವು. ಭಾರತ ಗೆದ್ದಿತು. ಅಂದು ನಮ್ಮ ದೇಶ ಒಡೆದ ಬೀಗವನ್ನೇ ಇಂದು ನಮ್ಮ ಬಾಗಿಲಿಗೆ ಹಾಕಿಕೊಳ್ಳುವುದು ಸರಿ ಕಾಣುವುದಿಲ್ಲ. ಹಾಗೆಂದು ಹೊರಗಿನವರು ಬಂದು ಬಾಗಿಲು ತೆರೆಯಲಿ ಎಂದು ಕಾದು ಕೂರುವುದೂ ಸರಿಯಲ್ಲ. ಆ ನಿರ್ಣಯ ಆದ ಮೇಲೂ ಅಲ್ಲಿ ವರ್ಣಭೇದದ ಆಡಳಿತ ಮುಗಿಯಲು 1994 ಬರಬೇಕಾಯಿತು. ಮುಗಿಸಿದವರು ಮುಖ್ಯವಾಗಿ ಆ ನೆಲದ ಜನರೇ.

ಮದ್ರಸದಲ್ಲಿ ನಾವು ಮಕ್ಕಳಿಗೆ ‘ಹಿಲ್ಫುಲ್ ಫುಳೂಲ್’ ಕಥೆ ಹೇಳುತ್ತೇವೆ. ದೊಡ್ಡವರಿಗೂ ಅದನ್ನು ನೆನಪಿಸಬೇಕಾಗಿದೆ. ಪ್ರವಾದಿತ್ವ ಬರುವ ಮೊದಲಿನ ಮಕ್ಕಾ. ಯೆಮನ್ ಕಡೆಯ ಝಬೀದಿನ ಒಬ್ಬ ವ್ಯಾಪಾರಿ ಸರಕು ಮಾರಿದ. ಕೊಂಡವನು ಮಕ್ಕಾದ ದೊಡ್ಡ ಮನುಷ್ಯ, ಆಸ್ ಬಿನ್ ವಾಇಲ್. ದುಡ್ಡು ಕೊಡಲಿಲ್ಲ. ಪರ ಊರಿನವನು, ಹಿಂದೆ ನಿಲ್ಲಲು ಕುಲದವರಿಲ್ಲ. ಆತ ಅಬೂ ಖುಬೈಸ್ ಬೆಟ್ಟ ಹತ್ತಿ ಕೂಗಿ ಹೇಳಿದ. ಆಗ ಅಬ್ದುಲ್ಲಾಹ್ ಬಿನ್ ಜುದ್‌ಆನ್ ಮನೆಯಲ್ಲಿ ಕೆಲವರು ಸೇರಿ ಶಪಥ ಮಾಡಿದರು: ಮಕ್ಕಾದಲ್ಲಿ ಅನ್ಯಾಯಕ್ಕೊಳಗಾದವನು ಊರಿನವನೇ ಆಗಲಿ, ಪರ ಊರಿನವನೇ ಆಗಲಿ, ಅವನ ಹಕ್ಕು ಸಿಗುವ ತನಕ ನಾವು ಅವನ ಕಡೆ. ಯುವಕರಾಗಿದ್ದ ಪ್ರವಾದಿಯವರು(ಸ) ಅಲ್ಲಿದ್ದರು. ಮುಂದೆಯೂ ಅಂಥ ಒಪ್ಪಂದಕ್ಕೆ ಯಾರಾದರೂ ಕರೆದರೆ ಹೋಗುತ್ತೇನೆ ಎಂಬ ಅರ್ಥದಲ್ಲಿ ಅದನ್ನು ನೆನೆಸಿಕೊಂಡಿದ್ದರು. ಸಂಬಳ ಸಿಗದ ಪರದೇಶಿಯ ಕಥೆ ಇದು. ಆ ಸಭೆಯಲ್ಲಿದ್ದವರು ಆತನ ಕುಲ ಕೇಳಲಿಲ್ಲ.

ನಮ್ಮ ಜಮಾಅತುಗಳಿಗೆ ನಾವು ಹೇಳಬೇಕಾದದ್ದು ಇದನ್ನೇ. ಸರ್ಕಾರ ಮಾತಾಡಬೇಕು, ಅದು ಅದರ ಕರ್ತವ್ಯ. ಅದು ಮಾತಾಡುವಂತೆ ಮಾಡುವ ಕೆಲಸ ನಮ್ಮದು. ಹುಡುಗ ಹೊರಡುವ ಮೊದಲೇ ಅವನ ಪಾಸ್‌ಪೋರ್ಟ್, ವೀಸಾ, ಕರಾರು ಪತ್ರ, ಕಂಪನಿಯ ಹೆಸರು, ಏಜೆಂಟನ ರಶೀದಿ ಇವುಗಳ ಪ್ರತಿ ಮನೆಯಲ್ಲಿ ಒಂದು, ಮಸೀದಿಯ ಕಪಾಟಿನಲ್ಲಿ ಒಂದು ಇರಲಿ. ಹತ್ತನೇ ತರಗತಿ ಪಾಸಾಗದವರು ಕೆಲಸಕ್ಕೆ ಹೋಗುವಾಗ ಗಲ್ಫ್ ಸೇರಿ 18 ದೇಶಗಳಿಗೆ ವಲಸೆ ಅನುಮತಿ ಬೇಕು. ಅದನ್ನು ತಪ್ಪಿಸಿ ವಿಸಿಟ್ ವೀಸಾದಲ್ಲಿ ಕಳಿಸುವವನು ಉಪಕಾರ ಮಾಡುತ್ತಿಲ್ಲ, ನಾಳೆ ದೂರು ಕೊಡುವ ದಾರಿಯನ್ನೇ ಮುಚ್ಚುತ್ತಿದ್ದಾನೆ. ಇ-ಮೈಗ್ರೇಟ್‌ನಲ್ಲಿ ನೋಂದಣಿ ಇಲ್ಲದ ಏಜೆಂಟನಿಗೆ, ಅವನು ನಮ್ಮ ನೆಂಟನೇ ಆಗಿರಲಿ, ಪಾಸ್‌ಪೋರ್ಟ್ ಕೊಡಬಾರದು. ತೊಂದರೆ ಆದರೆ ವಿದೇಶಾಂಗ ಇಲಾಖೆಯ ‘ಮದದ್’ ಪೋರ್ಟಲ್ 2015ರಿಂದ ಇದೆ. ಅಲ್ಲಿ ಹಾಕಿದ ದೂರಿಗೆ ಸಂಖ್ಯೆ ಸಿಗುತ್ತದೆ, ಅದು ಆಯಾ ರಾಯಭಾರ ಕಚೇರಿಗೆ ಹೋಗುತ್ತದೆ. ಸಿಕ್ಕಿಹಾಕಿಕೊಂಡವರ ಟಿಕೆಟ್, ವಕೀಲರ ಖರ್ಚು, ಮಯ್ಯಿತ್ ತರಿಸುವ ಖರ್ಚಿಗೆ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಇದನ್ನೆಲ್ಲ ತುಂಬಿಸಿಕೊಡಲು ಪ್ರತಿ ಮೊಹಲ್ಲಾದಲ್ಲಿ ಇಬ್ಬರು ಓದಿದ ಹುಡುಗ ಹುಡುಗಿಯರು ಸಾಕು.

ಒಂದು ಷರತ್ತು ಮಾತ್ರ ಇರಲಿ. ಆ ಕಪಾಟು ಬ್ಯಾರಿಗಳಿಗೆ ಮಾತ್ರ ತೆರೆಯುವಂಥದ್ದಾಗಬಾರದು. ಪಕ್ಕದ ಮನೆಯ ಹಿಂದೂ ತಾಯಿ ಬಂದರೂ, ನಮ್ಮದೇ ದುಡ್ಡಿರುವವನ ಗಲ್ಫ್ ಅಂಗಡಿಯಲ್ಲಿ ಸಂಬಳ ಸಿಗದ ನೇಪಾಳಿ ಹುಡುಗನ ಸುದ್ದಿ ಬಂದರೂ, ಅದೇ ಕಾಗದ, ಅದೇ ಸಹಿ. ಅಲ್ಲಿ ಕಫೀಲನಾಗಿ, ಮ್ಯಾನೇಜರನಾಗಿ ಕೂತವನು ಕೆಲವೊಮ್ಮೆ ನಮ್ಮ ಮಸೀದಿಗೆ ಚಂದಾ ಕೊಡುವವನೇ ಆಗಿರುತ್ತಾನೆ. ಅವನ ಚಂದಾ ತೆಗೆದುಕೊಳ್ಳುವ ಮೊದಲು ಅವನ ಕೆಲಸದವರ ಸಂಬಳ ಕೇಳುವ ಧೈರ್ಯ ನಮಗಿದ್ದರೆ, ಆಗ ಯಾವ ಸರ್ಕಾರದ ಮುಂದೆಯೂ ‘ನೀವು ಯಾಕೆ ಮಾತಾಡುವುದಿಲ್ಲ’ ಎಂದು ಕೇಳುವ ಬಾಯಿ ನಮಗಿರುತ್ತದೆ.

ಆ ಉಮ್ಮನ ಜತೆ ಕೂತು ನಾವು ಮದದ್‌ನಲ್ಲಿ ಅರ್ಜಿ ತುಂಬಿದೆವು. ಮೂರು ಸಂಜೆ ಹಿಡಿಯಿತು. ಕರಾರು ಪತ್ರದ ಫೋಟೋ ಹುಡುಗನಿಂದ ತರಿಸಿಕೊಳ್ಳುವುದಕ್ಕೇ ಎರಡು ದಿನ ಹೋಯಿತು. ಈಗ ಒಂದು ಸಂಖ್ಯೆ ಬಂದಿದೆ, ಉತ್ತರ ಇನ್ನೂ ಬಂದಿಲ್ಲ. ಆ ಸಂಖ್ಯೆಯನ್ನು ಅವರು ಒಂದು ಚೀಟಿಯಲ್ಲಿ ಬರೆಸಿಕೊಂಡು ಮುಸಾಫ್ ಇಡುವ ಚೀಲದಲ್ಲಿಟ್ಟಿದ್ದಾರೆ. ಪ್ರತಿ ಸೋಮವಾರ ಬಂದು “ಏನಾದ್ರೂ ಬಂತಾ ಉಸ್ತಾದರೇ?” ಎಂದು ಕೇಳುತ್ತಾರೆ. ಬರುವ ಸೋಮವಾರವೂ ನಾವು ಅದನ್ನು ತೆರೆದು ನೋಡುತ್ತೇವೆ. ಉತ್ತರ ಇಲ್ಲದಿದ್ದರೆ ಮತ್ತೆ ಬರೆಯುತ್ತೇವೆ.